ಹಾಡು ಹೋದ ಮೇಲಿನ ರವಿವಾರಗಳು

ರವಿವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದುಕೊಂಡರೆ ಸಾಕು, ನನ್ನ ಬಲಗೈ ಇನ್ನೂ ಒಂದು ಮಖಮಲ್ಲಿನ ತುಂಡನ್ನು ಹುಡುಕುತ್ತದೆ. ಅದು ನನ್ನ ಹೆಂಡತಿ ಸುಮಂಗಲಾಳ ಹಳೆಯ ಕುಪ್ಪಸದ ತೋಳು. ಕುಪ್ಪಸ ಹರಿದ ಮೇಲೆ ಆಕೆ ಅದನ್ನು ಕನ್ನಡಿ ಒರೆಸಲಿಕ್ಕೆಂದು ಇಟ್ಟುಕೊಂಡಿದ್ದಳು. ನಾನು ಕದ್ದು ತಂದು ಗ್ರಾಮಫೋನ್ ರಿಕಾರ್ಡು ಒರೆಸಲಿಕ್ಕೆ ಇಟ್ಟುಕೊಂಡೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಆಕೆಯಿಂದ ಕದ್ದದ್ದು ಇದೊಂದೇ ಎಂದರೆ ಆಕೆ ಒಪ್ಪುವುದಿಲ್ಲ, ಆ ಮಾತು ಬೇರೆ. ಈಗ ರಿಕಾರ್ಡು ಒರೆಸಿ ನಾನು ಮಾಡುವುದು ಏನೂ ಇಲ್ಲ. ಆದರೂ ಕೈ ಹುಡುಕುತ್ತದೆ. ಕೈಗೆ ಇನ್ನೂ ಸುದ್ದಿ ಮುಟ್ಟಿದಂತಿಲ್ಲ.

ನಾನು ದನದ ಡಾಕ್ಟರ್. ಸರಕಾರಿ ಭಾಷೆಯಲ್ಲಿ ಬೇರೆ ದೊಡ್ಡ ಹೆಸರಿದೆ. ಆದರೆ ಎಮ್ಮೆ ಒದೆಯುವಾಗ ಆ ಹೆಸರು ಉಪಯೋಗಕ್ಕೆ ಬರುವುದಿಲ್ಲ. ಜೇವರ್ಗಿ, ಆಳಂದ, ಅಫಜಲಪುರ, ಈ ಮೂರು ತಾಲೂಕುಗಳೊಳಗೇ ನನ್ನ ನೌಕರಿ ಸುತ್ತು ಹೊಡೆಯಿತು. ಈಗ ಅಫಜಲಪುರದಲ್ಲಿ ಮನೆ ಮಾಡಿಕೊಂಡು ಕೂತಿದ್ದೇನೆ. ಹಳೆಯ ರೇಡಿಯೊ, ಹಳೆಯ ರಿಕಾರ್ಡು ಕೂಡಿಹಾಕುವ ಹುಚ್ಚು ಇರುವವನಿಗೆ ನನ್ನಂಥ ನೌಕರಿ ಇನ್ನೊಂದಿಲ್ಲ. ಉಳಿದ ಸಾಹೇಬರುಗಳನ್ನು ಜನ ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟು ಕಳಿಸುತ್ತಾರೆ. ನನ್ನನ್ನು ಸೀದಾ ದನದ ಕೊಟ್ಟಿಗೆಗೆ ಒಯ್ಯುತ್ತಾರೆ. ಮನೆಗೆ ಬೇಡವಾದದ್ದೆಲ್ಲ ಬಂದು ಬೀಳುವುದು ಅಲ್ಲೇ.

ನನ್ನ ಮೊದಲ ಬೇಟೆ ಸಿಕ್ಕಿದ್ದು ಅಂದೋಲಾದಲ್ಲಿ. ಎಮ್ಮೆಯೊಂದಕ್ಕೆ ಕರು ಅಡ್ಡ ಸಿಕ್ಕಿತ್ತು. ಅದನ್ನು ಹೇಗೋ ತಿರುಗಿಸಿ ಹೊರಗೆ ತೆಗೆದು, ಕೈ ತೊಳೆಯಲಿಕ್ಕೆ ನೀರು ಕೇಳಿ ಅತ್ತ ಇತ್ತ ನೋಡಿದರೆ, ಮೂಲೆಯಲ್ಲಿ ಹೊಟ್ಟಿನ ಚೀಲಗಳ ನಡುವೆ ಉದ್ದನೆಯ ಕಟ್ಟಿಗೆಯ ಪೆಟ್ಟಿಗೆ. ಮುಚ್ಚಳ ತೆರೆದಿತ್ತು, ಒಳಗೊಂದು ಕೋಳಿ ಕೂತಿತ್ತು. ಕೋಳಿಯ ಕೆಳಗೆ ಏನಿದೆ ಎಂದು ಬಗ್ಗಿ ನೋಡಿದೆ: ರಿಕಾರ್ಡು ತಿರುಗುವ ತಟ್ಟೆ! ಮೇಲೆ ರಿಕಾರ್ಡು, ಕೆಳಗೆ ರೇಡಿಯೊ, ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಹಳೆಯ ಕಾಲದ ರೇಡಿಯೊಗ್ರಾಮ್ ಅದು.

"ಆಯಿ, ಇದನ್ನ ಕೊಡ್ತೀರೇನ್ರಿ?" ಎಂದು ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿದೆ.

"ಕೋಳಿ ಏನ್ರಿ?"

"ಕೋಳಿ ಅಲ್ರಿ, ಪೆಟಿಗಿ."

"ಅಯ್ಯ, ಅದು ನಮ್ಮ ಮಾವನೋರದು. ಒಯ್ಯಿರಿ, ಕಿರಿಕಿರಿ ತಪ್ತದ. ಖರೇ ಅಂದ್ರ ಕೋಳಿ ಕಾವಿಗಿ ಕುಂತದ. ಮರಿ ಆಗಿಂದ ಬರ್ರಿ."

ಮರಿಯಾಗುವ ತನಕ ನನಗೆ ನಿದ್ದೆ ಬರಲಿಲ್ಲ. ಮರಿಗಳು ಹೊರಬಿದ್ದ ಸುದ್ದಿ ತಿಳಿದ ದಿನವೇ ಟೆಂಪೊ ತೆಗೆದುಕೊಂಡು ಹೋದೆ. ಸುಮಂಗಲಾ ಹೈಸ್ಕೂಲಿನಲ್ಲಿ ಗಣಿತ ಹೇಳುವಾಕೆ. ಪೆಟ್ಟಿಗೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ಎರಡೂ ಹೊರಗ ಇರ್ಲಿ, ತೊಳದ ಮ್ಯಾಲ ಒಳಗ ಬರ್ರಿ" ಎಂದಳು.

ಆ ಪೆಟ್ಟಿಗೆಯಲ್ಲಿ ಎಲ್ಲ ಇತ್ತು, ತಟ್ಟೆ ತಿರುಗಿಸುವ ಪುಟ್ಟ ರಬ್ಬರ್ ಗಾಲಿ ಮಾತ್ರ ಕಲ್ಲಾಗಿತ್ತು. ಹಾಗೆ ರಬ್ಬರಿನ ಬೆನ್ನು ಹತ್ತಿ ನಾನು ರಶೀದನ ಅಂಗಡಿ ಮುಟ್ಟಿದೆ. ಆಗ ನನಗೆ ಆಳಂದಕ್ಕೆ ಬದಲಿಯಾಗಿತ್ತು. ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಯ ಮೇಲೆ, ಖಜೂರಿಯಲ್ಲಿ, ಲಾರಿ ಟೈರಿನ ಅಂಗಡಿ ಇಟ್ಟಿದ್ದ ಮನುಷ್ಯ. "ಸಾಬ್, ಈ ಗಾಲಿ ಯಾವ ಗಾಡೀದರಿ?" ಎಂದು ಅಂಗೈಯಲ್ಲಿ ಹಿಡಿದು ಕೇಳಿದ. ಹಾಡಿನ ಗಾಡಿಯದು ಎಂದೆ. ಆತ ನನ್ನ ಮುಖವನ್ನೇ ನೋಡಿದ. ಎದ್ದು, ಟೈರುಗಳ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಗೋಡೆಗುಂಟ, ಉಳ್ಳಾಗಡ್ಡಿ ಚೀಲದಲ್ಲಿ ಸುತ್ತಿ ನಿಲ್ಲಿಸಿದ ರಿಕಾರ್ಡುಗಳು! ಲಾರಿ ಡ್ರೈವರುಗಳು ಉಮರಗಾ, ಸೋಲಾಪುರದ ಕಡೆಯಿಂದ ಆತನಿಗೆ ತಂದುಕೊಡುತ್ತಿದ್ದರಂತೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಆ ಗಳಿಗೆಯ ಖುಷಿ ನೆನಪಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಪಂಕ್ಚರ್ ತೆಗೆಯುವವನ ಪಕ್ಕ ನಾನು ಸುಮ್ಮನೆ ನಿಂತಿರುವುದನ್ನು ನೋಡಿದವರು ಏನು ತಿಳಿದಿದ್ದಾರೋ.

ಈ ಹುಚ್ಚಿನ ಬೇರು ಜೇವರ್ಗಿಯ ನಮ್ಮ ಮಾಳಿಗೆಯ ಮೇಲಿದೆ. ಅಪ್ಪನದೊಂದು ಚಿಕ್ಕ ರೇಡಿಯೊ ಇತ್ತು. ಅದರ ಸೆಲ್ಲು ತೀರುತ್ತ ಬಂದರೆ ಹೊಸದು ತರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮಾಳಿಗೆಯ ಮೇಲೆ ಅವ್ವ ಒಣಗಲಿಕ್ಕೆ ಹಾಕಿದ ಶಾವಿಗೆಯ ಪಕ್ಕದಲ್ಲಿ ಸೆಲ್ಲುಗಳನ್ನೂ ಬಿಸಿಲಿಗೆ ಇಡುತ್ತಿದ್ದರು. ಶಾವಿಗೆಗೆ ಕಾಗೆ ಬರದಂತೆ ಕಾಯುವುದು, ಸೆಲ್ಲುಗಳನ್ನು ಹಪ್ಪಳದ ಹಾಗೆ ಮಗ್ಗುಲು ಮಗುಚುವುದು, ಎರಡೂ ನನ್ನ ಕೆಲಸ. ಬಿಸಿಲು ಸೆಲ್ಲಿನೊಳಗೆ ಹೋಗಿ ಹಾಡಾಗಿ ಹೊರಗೆ ಬರುತ್ತದೆ ಎಂದು ನಾನು ನಂಬಿದ್ದೆ. ಮೋಡ ಕವಿದ ದಿನ ರೇಡಿಯೊದಲ್ಲಿ ಯಾರಾದರೂ ದುಃಖದ ಹಾಡು ಹಾಡಿದರೆ, ತಪ್ಪು ನನ್ನದೇ, ಸರಿಯಾಗಿ ಒಣಗಿಸಲಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಕೂಡುತ್ತಿದ್ದೆ. ವಿಜ್ಞಾನ ಓದಿ ಡಾಕ್ಟರ್ ಆದೆ, ಖರೆ. ಆದರೆ ಆ ನಂಬಿಕೆ ಪೂರಾ ಹೋಯಿತೆಂದು ಆಣೆ ಮಾಡಿ ಹೇಳಲಾರೆ.

ಅಫಜಲಪುರಕ್ಕೆ ಬಂದ ಮೇಲೂ ರಶೀದ ಪ್ರತಿ ರವಿವಾರ ಬಸ್ಸು ಬದಲಿಸಿ ಬರುತ್ತಿದ್ದ. ಆತ ನನಗೆ ಡಾಕ್ಟರ್ ಸಾಬ್, ನಾನು ಆತನಿಗೆ ರಶೀದ್ ಭಾಯಿ. ಸುಮಂಗಲಾ ಮಾತ್ರ ಆತನಿಗೆ ಅಕ್ಕ. ಊಟ ಆದ ಮೇಲೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೂಡುತ್ತಿದ್ದೆವು. ರೇಡಿಯೊಗ್ರಾಮಿನ ಒಳಗೆ ವಾಲ್ವುಗಳು ಕಾಯ್ದು ಕೆಂಪಾಗುವ ತನಕ ಸುಮ್ಮನೆ ಕಾಯಬೇಕು. ಆಮೇಲೆ ಹಾಡು. ಹಾಡು ಮುಗಿದ ಮೇಲೆ ಜಗಳ. "ನಿಮ್ಮ ಸೂಜಿ ಭಾಳ ತೆಳ್ಳಗ ಹಾಡ್ತದರಿ, ನೆಗಡಿ ಬಂದಂಗ" ಎಂದು ಆತ, "ನಿಮ್ಮ ಮನ್ಯಾಗಿನ ಸ್ಪೀಕರ್ ಬಾಯಾಗ ಎಲಿಯಡಕಿ ಇಟ್ಕೊಂಡು ಮಾತಾಡ್ತದ" ಎಂದು ನಾನು.

ಒಮ್ಮೆ ಭೀಮಾ ನದಿಗೆ ಮಹಾಪೂರ ಬಂದು ಇಳಿದಾಗ ದನಗಳಿಗೆ ಸೂಜಿ ಹಾಕಲಿಕ್ಕೆ ಮಣ್ಣೂರಿಗೆ ಹೋಗಿದ್ದೆ. ರಶೀದ ಜೊತೆಗಿದ್ದ. ಒಂದು ಮನೆಯವರು ಕೆಸರು ಮೆತ್ತಿದ ರಿಕಾರ್ಡುಗಳ ಪೆಟ್ಟಿಗೆಯನ್ನು ತಿಪ್ಪೆಗೆ ಹಾಕುವವರಿದ್ದರು. ನಾವು ಬೇಡಿ ತಂದೆವು. ತೊಳೆದು, ಜಾಣರಿಬ್ಬರೂ ಸೇರಿ ಅವನ್ನು ನುಲಿಯ ಹೊರಸಿನ ಮೇಲೆ ಬಿಸಿಲಿಗೆ ಹರವಿ ಊಟಕ್ಕೆ ಕೂತೆವು. ಅರಗಿನ ರಿಕಾರ್ಡು, ನಮ್ಮ ಕಡೆಯ ಬಿಸಿಲು! ಎದ್ದು ಬರುವಷ್ಟರಲ್ಲಿ ಎಲ್ಲ ಸೊಟ್ಟಗಾಗಿ ಬಟ್ಟಲುಗಳಾಗಿದ್ದವು. ಹೊರಸಿನ ಕೆಳಗೆ ಜಾರಿಬಿದ್ದು ನೆರಳಿನಲ್ಲಿದ್ದ ಒಂದೇ ಒಂದು ಉಳಿದುಕೊಂಡಿತ್ತು. ಅದರ ಚೀಟಿ ನೀರಿನಲ್ಲಿ ಕರಗಿ ಹೋಗಿತ್ತು. ಹಾಕಿದರೆ ಯಾವಳೋ ಹೆಣ್ಣುಮಗಳು ಹಾಡುತ್ತಿದ್ದಳು. ಯಾವ ಊರಾಕೆಯೋ, ಏನು ಹೆಸರೋ. ದನಿ ಮೇಲಕ್ಕೇರುವಾಗ ಒಂದು ಕಡೆ ಒಂದಿಷ್ಟೇ ಬಿರುಕು ಬಿಡುತ್ತಿತ್ತು, ಕೂಡಲೇ ಸಾವರಿಸಿಕೊಳ್ಳುತ್ತಿತ್ತು. ನಾವು ಆಕೆಗೆ ಮಣ್ಣೂರ ಬಾಯಿ ಎಂದು ಹೆಸರಿಟ್ಟೆವು. ರವಿವಾರದ ಮೊದಲ ಹಾಡು ಯಾವಾಗಲೂ ಆಕೆಯದೇ.

ಇಷ್ಟು ಹೊತ್ತು ನಾನು ಮುಖ್ಯ ಮಾತನ್ನು ಮುಂದೆ ಮುಂದೆ ದೂಡುತ್ತಿದ್ದೇನೆ ಎಂದು ನಿಮಗೆ ಗೊತ್ತಾಗಿರಬೇಕು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎಮ್ಮೆಗೆ ಸೂಜಿ ಚುಚ್ಚಲಿಕ್ಕೆ ನಿಂತಿದ್ದೆ. ಎಡಗೈ ಜೋಮು ಹಿಡಿದಂತಾಯಿತು. ಹಿಡಿದಿದ್ದ ಔಷಧದ ಬಾಟಲಿ ಕೈಯಿಂದ ಜಾರಿ ಬಿತ್ತು. ಕಣ್ಣಿಗೆ ಕತ್ತಲೆ ಬಂದು ಎಮ್ಮೆಯ ಬೆನ್ನನ್ನೇ ತಬ್ಬಿ ನಿಂತೆ. ಪುಣ್ಯಕ್ಕೆ ಅದು ಒದೆಯಲಿಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಬಿಸಿಲು, ಪಿತ್ತ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ನಾನೇ ಡಾಕ್ಟರಾಗಿ ನನಗೆ ಔಷಧ ಹೇಳಿಕೊಂಡು ಮನೆಗೆ ಬಂದೆ. ಸುಮಂಗಲಾಳಿಗೂ ಹೇಳಲಿಲ್ಲ.

ಆ ರವಿವಾರ ರಶೀದ ಬಂದ. ವಾಲ್ವು ಕಾಯ್ದವು. ಮೊದಲ ರಿಕಾರ್ಡು ಹಾಕಿದೆ. ತಗಡಿನ ಮೇಲೆ ತಗಡು ಎಳೆದ ಸಪ್ಪಳ. ಥಟ್ಟನೆ ಸೂಜಿ ಎತ್ತಿದೆ. ಸೂಜಿ ಸವೆದಿದೆ ಎಂದೆ. ಹೊಸ ಸೂಜಿ ಹಾಕಿದೆ. ಅದೇ ತಗಡು. ಕರೆಂಟು ಕಡಿಮೆ ಇರಬೇಕು ಎಂದೆ. ಸ್ಪೀಕರಿನ ಕಾಗದ ಹರಿದಿರಬೇಕು ಎಂದು ಹಿಂದಿನ ಹಲಗೆ ಬಿಚ್ಚಿದೆ. ಹರಿದಿರಲಿಲ್ಲ.

"ಡಾಕ್ಟರ್ ಸಾಬ್, ಅವಾಜ್ ಚಲೋ ಅದಲ್ರಿ" ಎಂದ ರಶೀದ. "ಯಾಕ ಸುಮ್ನ ಬಿಚ್ಚಾಕತ್ತೀರಿ?"

"ಏನ್ ಚಲೋ ಅದ? ಭಾಂಡೆ ತಿಕ್ಕಿದಂಗ ಕೇಳ್ತದ. ನಿಮ್ಮ ಕಿವ್ಯಾಗ ಟೈರಿನ ಗಾಳಿ ತುಂಬ್ಯದ."

ಆತ ನಕ್ಕ. "ಆಯ್ತು, ಬ್ಯಾರೆದು ಹಾಕ್ತೇನಿ" ಎಂದು ರಿಕಾರ್ಡು ಬದಲಿಸಿದ. ನಾನು ಕಣ್ಣು ಮುಚ್ಚಿ ಕೇಳಿದೆ. ಮತ್ತದೇ ತಗಡು, ಅದೇ ಭಾಂಡೆ.

"ಮತ್ತ ಅದನ್ನೇ ಯಾಕ ಹಚ್ಚೀರಿ? ಬಾಯೀದು ಆತಲ್ಲ" ಎಂದೆ.

ಕಣ್ಣು ತೆರೆದರೆ ರಶೀದನ ಮುಖದ ಮೇಲಿನ ನಗು ಹೋಗಿತ್ತು.

"ಡಾಕ್ಟರ್ ಸಾಬ್," ಎಂದ ಮೆಲ್ಲಗೆ, "ಇದು ಶಹನಾಯಿ ಅದರಿ."

ನಾನು ಮತ್ತೆ ಕಿವಿಗೊಟ್ಟೆ. ಶಹನಾಯಿ ಎಂದು ತಿಳಿದುಕೊಂಡು, ಮನಸ್ಸಿನಲ್ಲಿ ಶಹನಾಯಿಯನ್ನು ತಂದುಕೊಂಡು, ಆ ಸಪ್ಪಳದ ಮೇಲೆ ಅದನ್ನು ಕೂಡಿಸಲು ನೋಡಿದೆ. ಕೂಡಲಿಲ್ಲ. "ಮೊದಲಿಂದು?" ಎಂದೆ. "ಮೊದಲ ಹಾಕಿದ್ದು ಮಣ್ಣೂರ ಬಾಯಿ ಅಲ್ಲೇನ್ರಿ? ನೀವೇ ಹಾಕೀರಿ" ಎಂದ. ಆಮೇಲೆ ಸೂಜಿ ಎತ್ತಿಟ್ಟು, ಬಾಗಿಲು ತೆರೆದು, "ಅಕ್ಕಾ, ಜರಾ ಇಲ್ಲಿ ಬರ್ರಿ" ಎಂದು ಕೂಗಿದ. ಆತನ ದನಿ ನಡುಗುತ್ತಿದ್ದುದು ನನಗೆ ಚೆನ್ನಾಗಿ ಕೇಳಿಸಿತು. ಅದೇ ನೋಡಿ, ಮಾತಿನ ದನಿ ಎಲ್ಲ ಕೇಳಿಸುತ್ತಿತ್ತು.

ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು ಎಂದು ಕಲಬುರಗಿಯ ಡಾಕ್ಟರ್ ಚಿತ್ರ ಹಿಡಿದು ತೋರಿಸಿದರು. ಮಾತು ತಿಳಿಯುವ ಜಾಗ ಬೇರೆ, ರಾಗ ತಿಳಿಯುವ ಜಾಗ ಬೇರೆ. ನನ್ನದು ಎರಡನೆಯದು ಹೋಗಿದೆ. ಕಿವಿಗೇನೂ ಆಗಿಲ್ಲ.

"ತಿರುಗಿ ಬರ್ತದೇನ್ರಿ?" ಎಂದು ಸುಮಂಗಲಾ ಕೇಳಿದಳು.

"ಕೆಲವರಿಗೆ ಸ್ವಲ್ಪ ಬಂದದ್ದು ಅದರಿ. ಆದ್ರ ಭರೋಸಾ ಕೊಡ್ಲಿಕ್ಕಿ ಬರಂಗಿಲ್ಲ. ದೇವರ ದೊಡ್ಡಾಂವ ಅಂತ ತಿಳೀರಿ. ಕೈಕಾಲು ಉಳದಾವ, ಮಾತು ಉಳದದ. ಹಾಡು ತಾನೇ?"

ಅಲ್ಲಿಂದ ಮುಂದೆ ಸಿಕ್ಕವರೆಲ್ಲ ಅದೇ ಮಾತು ಹೇಳಿದರು. ಹಾಡು ತಾನೇ. ಅವರದು ತಪ್ಪಲ್ಲ. ನಾನೇ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ನಿಂತು, ಕರು ಹೋದರೂ ಎಮ್ಮೆ ಉಳೀತಲ್ಲ ಎಂದು ಹೇಳಿ ಕೈ ತೊಳೆದುಕೊಂಡು ಬಂದವನು. ಎಮ್ಮೆಯನ್ನು ಯಾರೂ ಕೇಳಿರಲಿಲ್ಲ. ನನ್ನ ಸ್ಥಿತಿಯಲ್ಲಿ ನಗೆಯೂ ಇದೆ. ಸ್ಟೆತಾಸ್ಕೋಪ್ ಹಚ್ಚಿದರೆ ಎತ್ತಿನ ಹೊಟ್ಟೆಯ ಗುಡುಗುಡು ಮೊದಲಿನ ಹಾಗೆಯೇ ಸ್ಪಷ್ಟ ಕೇಳಿಸುತ್ತದೆ. ಮೇವು ಕರಗುತ್ತಿದೆಯೋ ಇಲ್ಲವೋ ಹೇಳಬಲ್ಲೆ. ದೇವರು ನನಗೆ ಹೊಟ್ಟೆಪಾಡನ್ನು ಮಾತ್ರ ಬಿಟ್ಟು ಉಳಿದದ್ದನ್ನು ತೆಗೆದುಕೊಂಡ.

ಆಸ್ಪತ್ರೆಯಿಂದ ಬಂದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಅಡಿಗೆ ಮನೆಯಿಂದ ಏನೋ ತಿಕ್ಕಿದ ಸಪ್ಪಳ ಬಂತು. "ಏನ್ ತಿಕ್ಕಾಕತ್ತೀ ಇಷ್ಟು? ತಲಿ ನೋಯ್ತದ" ಎಂದು ಕೂಗಿದೆ. ಸಪ್ಪಳ ನಿಂತಿತು. ಹೋಗಿ ನೋಡಿದರೆ ಸುಮಂಗಲಾಳ ಕೈಯಲ್ಲಿ ಪಾತ್ರೆ ಏನೂ ಇರಲಿಲ್ಲ. ರೊಟ್ಟಿಯ ಹಿಟ್ಟು ನಾದುತ್ತ ನಿಂತಿದ್ದಳು. ಮದುವೆಯಾಗಿ ಬಂದಾಗಿನಿಂದ ಆಕೆ ಹಿಟ್ಟು ನಾದುವಾಗ ತನ್ನಷ್ಟಕ್ಕೆ ತಾನು ಗುನುಗುತ್ತಿದ್ದಳು. ಆಕೆ ನನ್ನ ಕಡೆ ತಿರುಗಲಿಲ್ಲ. ಆಕೆ ಆಮೇಲೆ ಗುನುಗಲಿಲ್ಲ. ನಮ್ಮ ಮನೆಯಲ್ಲಿ ಈಗ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಇದೆ.

ನಾನು ಪ್ರಯತ್ನ ಬಿಡಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಒಂದೇ ರಿಕಾರ್ಡನ್ನು ಮತ್ತೆ ಮತ್ತೆ ಹಾಕಿಕೊಂಡು ಕೂತೆ. ಎಲ್ಲಿ ದನಿ ಏರುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಎಲ್ಲ ನೆನಪಿದೆಯಲ್ಲ, ನೆನಪಿನ ಕೈ ಹಿಡಿದು ಒಳಗೆ ಹೋಗಬಹುದು ಎಂದುಕೊಂಡೆ. ಆಗಿದ್ದು ತಿರುಗಾಮುರುಗಾ. ಹೊರಗಿನ ತಗಡು ಒಳಗಿನ ಹಾಡನ್ನೂ ಕೆರೆಯಲು ಸುರುಮಾಡಿತು. ಈಗ ಮಣ್ಣೂರ ಬಾಯಿಯನ್ನು ನೆನಸಿಕೊಂಡರೆ ಬಿರುಕೊಂದೇ ನೆನಪಾಗುತ್ತದೆ, ದನಿ ಬರುವುದಿಲ್ಲ. ಇದ್ದಷ್ಟನ್ನಾದರೂ ಕಾಯ್ದುಕೊಳ್ಳೋಣ ಎಂದು ಹೆದರಿ ಹಾಕುವುದನ್ನೇ ಬಿಟ್ಟೆ.

ಎಲ್ಲ ಒಯ್ದುಬಿಡಿರಿ ಎಂದು ರಶೀದನಿಗೆ ಹೇಳಿದೆ.

"ನಾ ಒಯ್ಯಂಗಿಲ್ರಿ" ಎಂದ. "ನಾ ಒಯ್ದ್ರ, ನಿಮಗ ಇನ್ನ ಬರಂಗಿಲ್ಲ ಅಂತ ನಾನೇ ಠರಾಯಿಸಿದಂಗ ಆಗ್ತದ. ಇರ್ಲಿ ಬಿಡ್ರಿ."

ಆತ ರವಿವಾರ ಬರುವುದನ್ನೂ ಬಿಡಲಿಲ್ಲ. ಊಟ ಮಾಡಿ, ಕೋಣೆ ಬಿಟ್ಟು ಪಡಸಾಲೆಯಲ್ಲಿ ಕೂಡುತ್ತೇವೆ. ಮಳಿ ಹ್ಯಾಂಗ್ರಿ. ಬೇಸ್ ಅದರಿ. ತೊಗರಿ? ಹೂ ಬಿಟ್ಟದ. ಅಷ್ಟಕ್ಕೆ ಮಾತು ಮುಗಿಯುತ್ತದೆ. ಇಷ್ಟು ವರ್ಷ ನಾವು ಮಾತನಾಡಿದ್ದೆಲ್ಲ ಹಾಡಿನ ಮಾತು. ಆತನ ತಾಯಿ ಯಾವಾಗ ತೀರಿಕೊಂಡಳು, ಆತನಿಗೆ ಸಕ್ಕರೆ ಕಾಯಿಲೆ ಎಂದಿನಿಂದ ಇದೆ, ನನಗೆ ಒಂದೂ ಗೊತ್ತಿರಲಿಲ್ಲ. ಈಗ ಕೇಳಿದರೆ ವಿಚಾರಣೆ ಮಾಡಿದ ಹಾಗೆ ಆಗುತ್ತದೆ. ಆತ ಗೋಡೆ ನೋಡುತ್ತಾನೆ, ನಾನು ಗಡಿಯಾರ ನೋಡುತ್ತೇನೆ. ಬಸ್ಸಿನ ಹೊತ್ತಾಯಿತು ಎಂದಾಗ ಇಬ್ಬರಿಗೂ ಒಂದು ನಿರಾಳ. ಆ ನಿರಾಳದ ಬಗ್ಗೆ ಇಬ್ಬರಿಗೂ ನಾಚಿಕೆ.

ಈಚೆಗೆ ಒಂದು ರವಿವಾರ ಆತ ಬರುವಾಗ ಬಗಲಲ್ಲಿ ಚೀಲವಿತ್ತು. ಚಪ್ಪಲಿ ಬಿಡುವಾಗ ಅದನ್ನು ಬಾಗಿಲ ಹಿಂದೆ ಸರಿಸಿ ಇಟ್ಟ. ಚಪ್ಪಟೆ ಚೀಲ. ಇಷ್ಟು ವರ್ಷ ಈ ಹುಚ್ಚಿನಲ್ಲಿ ಇದ್ದವನಿಗೆ ಅದು ಕಾಣದೆ ಇರುತ್ತದೆಯೆ?

"ಏನದು, ರಶೀದ್ ಭಾಯಿ?"

"ಏನಿಲ್ರಿ."

"ತೋರಸ್ರಿ."

ಆತ ಮುಖ ತಗ್ಗಿಸಿದ. "ಉಮರಗಾದ ಡ್ರೈವರ್ ಮುಂಜಾನಿ ತಂದು ಕೊಟ್ಟ. ಸೀದಾ ಬಸ್ ಹತ್ತಿ ಬಂದ್ಬಿಟ್ಟೆ. ಮನ್ಯಾಗ ಇಟ್ಟು ಬರಬೇಕಿತ್ತು, ಖಯಾಲೇ ಬರಲಿಲ್ರಿ."

"ನೀವು ಇನ್ನಾ ಕೇಳಿಲ್ಲ?"

"ಇಲ್ರಿ."

"ಹಾಂಗಾರ ಹೋಗಿ ಹಾಕ್ರಿ. ನಾ ಅಂಗಳದಾಗ ಕೂಡ್ತೇನಿ. ಕೇಳಿ ಬಂದು ಹ್ಯಾಂಗದ ಅಂತ ಹೇಳ್ರಿ. ಹೇಳಿದ್ರ ನನಗ ಸಾಕು."

ಆತ ಒಲ್ಲೆ ಎಂದ. ನಾನೇ ಎಬ್ಬಿಸಿ ಕೋಣೆಯೊಳಗೆ ಕಳಿಸಿ ಬಾಗಿಲು ಎಳೆದುಕೊಂಡೆ. ಅಂಗಳದಲ್ಲಿ ಬೇವಿನ ನೆರಳಿನಲ್ಲಿ ಸುಮಂಗಲಾ ಮೊರ ಹಿಡಿದುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಆಕೆಯ ಎದುರು ಕಟ್ಟೆಯ ಮೇಲೆ ಕೂತೆ. ಕಿಟಕಿಯಿಂದ ತಗಡಿನ ಸಪ್ಪಳ ಬರಲಿಕ್ಕೆ ಹತ್ತಿತು. ಹಲ್ಲು ಕಚ್ಚಿಕೊಂಡು ಸುಮಂಗಲಾಳನ್ನೇ ನೋಡುತ್ತ ಕೂತೆ. ಆಕೆಯ ಬೆರಳು ಬೇಳೆಯಲ್ಲಿ ಆಡುತ್ತಿದ್ದವು. ನಿಧಾನವಾದವು. ನಿಂತವು. ಹಳೆಯ ಪೆಟ್ಟಿಗೆಗಳನ್ನೆಲ್ಲ ಗುಜರಿಗೆ ಹಾಕಿರೆಂದು ಇಷ್ಟು ವರ್ಷ ಗೊಣಗಿದ ನನ್ನ ಹೆಂಡತಿ, ಒಂದು ಕಲ್ಲಿನ ಹರಳನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, ಅದನ್ನು ಒಗೆಯುವುದನ್ನೂ ಮರೆತು ಕೂತಿದ್ದಳು.

ಸಪ್ಪಳ ಮುಗಿಯಿತು. ತುಸು ಹೊತ್ತಿಗೆ ಮತ್ತೆ ಸುರುವಾಯಿತು. ಮುಗಿಯಿತು. ಮತ್ತೆ ಸುರುವಾಯಿತು.

ಬಾಗಿಲು ತೆರೆದು ರಶೀದ ಹೊರಗೆ ಬಂದಾಗ ಆತನ ಕಣ್ಣು ಕೆಂಪಗಿದ್ದವು. ರಿಕಾರ್ಡನ್ನು ಚೀಲಕ್ಕೆ ಹಾಕಿ ಎದೆಗೆ ಅವಚಿ ಹಿಡಿದಿದ್ದ.

"ಹ್ಯಾಂಗದ?"

"ಏನ್ ಖಾಸ್ ಇಲ್ರಿ, ಡಾಕ್ಟರ್ ಸಾಬ್" ಎಂದ, ನನ್ನ ಕಡೆ ನೋಡದೆ. "ಭಾಳ ಸವದದ. ಖಾಲಿ ಖರ್‌ಖರ್ ಅಂತದ. ಸುಮ್ನ ಹೊತ್ಕೊಂಡು ಬಂದೆ."

ಸಾವಿರ ರಿಕಾರ್ಡುಗಳ ಬಗ್ಗೆ ಜಗಳ ಆಡಿದ್ದೇವೆ. ಈ ಮನುಷ್ಯ ಒಮ್ಮೆಯೂ ನನಗೆ ಸುಳ್ಳು ಹೇಳಿರಲಿಲ್ಲ. ಕೆಟ್ಟದ್ದಕ್ಕೆ ಕೆಟ್ಟದ್ದು ಎಂದಿದ್ದ, ಒಳ್ಳೆಯದಕ್ಕೆ ಕಣ್ಣೀರು ಹಾಕಿದ್ದ.

"ಹೌದಾ? ಹೋಗ್ಲಿ ಬಿಡ್ರಿ" ಎಂದೆ.

ಬಸ್ ಸ್ಟ್ಯಾಂಡಿನ ತನಕ ನಡೆದು ಹೋದೆವು. ದಾರಿಯುದ್ದಕ್ಕೂ ಆತ ಟೈರುಗಳ ಮಾತನಾಡಿದ. ಆಳಂದದ ಬಸ್ಸು ಬಂತು. ಕಿಟಕಿಯ ಬದಿಗೆ ಕೂತು, "ಬರ್ತೇನ್ರಿ, ಡಾಕ್ಟರ್ ಸಾಬ್" ಎಂದ. ಮುಂದಿನ ರವಿವಾರ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಮನೆಗೆ ಬಂದರೆ ಸುಮಂಗಲಾ ಇನ್ನೂ ಬೇವಿನ ಕೆಳಗೇ ಇದ್ದಳು. ಮೊರದಲ್ಲಿಯ ಬೇಳೆ ಹಾಗೆಯೇ ಇತ್ತು.

"ಹ್ಯಾಂಗಿತ್ತ?" ಎಂದು ಕೇಳಿದೆ.

ಆಕೆ ಬೆರಳಲ್ಲಿಯ ಹರಳನ್ನು ಈಗ ದೂರ ಒಗೆದಳು.

"ಭಾಳ ಚಲೋ ಇತ್ತರಿ" ಎಂದಳು.

"ಅಂದ್ರ, ಹ್ಯಾಂಗ?"

ಆಕೆ ಹೇಳಲಿಕ್ಕೆ ಬಾಯಿ ತೆರೆದಳು. ಗಂಟಲಲ್ಲಿ ಒಂದು ಸಪ್ಪಳ ಎದ್ದಿತು, ಮಾತಲ್ಲ, ಹಾಡಿ ತೋರಿಸಲಿಕ್ಕೆ ಹೊರಟಿದ್ದಳು. ಅಷ್ಟರಲ್ಲಿ ನನ್ನ ಮುಖ ನೋಡಿದಳು. ತುಟಿ ಮುಚ್ಚಿಕೊಂಡು, ಮೊರವನ್ನು ಬೆಳಕಿನ ಕಡೆ ತಿರುಗಿಸಿಕೊಂಡು, ಬೇಳೆ ಆರಿಸಲಿಕ್ಕೆ ಹತ್ತಿದಳು.